ನಾಲ್ಕುನೂರ ಹದಿನೇಳನೆಯ ಪದ

ಮಣ್ಣು ಕೊಟ್ಟ ನಾಲ್ಕನೆಯ ದಿನ ಬೆಳಿಗ್ಗೆ ನಳ ಬಂತು. ಗದಗಿನ ನಮ್ಮ ಓಣಿಗೆ ನೀರು ಬಿಡುವುದು ಒಂಬತ್ತು ದಿನಕ್ಕೊಮ್ಮೆ. ಮನೆಯಲ್ಲಿ ಏನೇ ಆಗಿರಲಿ, ಅಂದು ತುಂಬಿಕೊಳ್ಳಲೇಬೇಕು. ನಾನು ಕೊಡ ತೊಳೆದೆ. ಅತ್ತೆ ಕಾಶವ್ವ ಹಿತ್ತಲ ಹಂಡೆಯ ಮುಚ್ಚಳ ತೆಗೆದಿಟ್ಟರು. ನನ್ನ ಗಂಡ ಶಂಭು ಹೋದ ಮೇಲೆ ನಾವಿಬ್ಬರೂ ಮಾಡಿದ ಮೊದಲ ಕೆಲಸ ಅದು.

ಹಾಲಿನ ಯಲ್ಲವ್ವ ಬಂದಳು. ಮೂರು ತಿಂಗಳಿಂದ ಅವಳು ನಮ್ಮ ಪಾತ್ರೆಯನ್ನು ಗೇಟಿನ ಹೊರಗೇ ಇಡಿಸಿ, ಎತ್ತರದಿಂದ ಹಾಲು ಸುರಿದು ಹೋಗುತ್ತಿದ್ದಳು. ಅಂದು ಹೊಸ್ತಿಲ ತನಕ ಬಂದಳು. ನನ್ನ ಕೈಯಿಂದಲೇ ಪಾತ್ರೆ ತೆಗೆದುಕೊಂಡು, ಅಳತೆಗಿಂತ ಒಂದಿಷ್ಟು ಹೆಚ್ಚೇ ಹಾಕಿದಳು. ಹೋಗುವಾಗ ನನ್ನ ಭುಜ ಮುಟ್ಟಿದಳು. ಅವಳ ಬೆರಳು ತಗುಲಿದ ಜಾಗವನ್ನು ಆಮೇಲೆ ತೊಳೆದುಕೊಂಡೆ. ಹೇಸಿಕೆ ಅಂದರೆ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ಅವಳು ದೂರ ನಿಂತ ದಿನಗಳಲ್ಲಿ ಅಲ್ಲ, ಹತ್ತಿರ ಬಂದ ಆ ದಿನ.

ಒಂಬತ್ತು ಗಂಟೆಗೆ ಬಸ್ ಸ್ಟ್ಯಾಂಡಿನ ಖಾನಾವಳಿಯಿಂದ ಒಡತಿ ಫೋನ್ ಮಾಡಿದಳು. ಅತ್ತೆ ಇಪ್ಪತ್ತು ವರ್ಷದಿಂದ ಅಲ್ಲಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು. ಮೂರು ತಿಂಗಳ ಹಿಂದೆ ಖಾನಾವಳಿಯವರು ಅದನ್ನು ನಿಲ್ಲಿಸಿದ್ದರು. ಸಮಾಧಾನದ ನಾಲ್ಕು ಮಾತು ಹೇಳಿ ಮುಗಿಸಿದ ಮೇಲೆ ಅವಳು ವಿಷಯಕ್ಕೆ ಬಂದಳು.

"ಇನ್ನ ಮನ್ಯಾಗ ಅಂಜಿಕಿ ಏನಿಲ್ಲಲ್ಲ ಕಾಶಕ್ಕ. ನಾಳಿಂದ ರೊಟ್ಟಿ ಚಾಲೂ ಮಾಡಬಿಡು."

ಅತ್ತೆ ಹೂಂ ಅಂದರು. ಫೋನ್ ಇಟ್ಟು, ಜೋಳದ ಹಿಟ್ಟಿನ ಡಬ್ಬಿ ತೆಗೆದು ಹುಳ ಬಿದ್ದಿದೆಯೇ ಎಂದು ನೋಡಿದರು.

ನಮ್ಮ ಮನೆ ಶುದ್ಧವಾಗಿದೆ ಎಂದು ಓಣಿ ತೀರ್ಮಾನಿಸಿತ್ತು. ಅದು ತಪ್ಪು ತಿಳಿವಳಿಕೆ ಎಂದು ಗೊತ್ತಿದ್ದವರು ನಾವಿಬ್ಬರೇ. ಶಂಭುವಿನ ರಕ್ತದಲ್ಲಿ ಯಾವ ದೋಷವಿತ್ತೋ ಅದೇ ಅವನ ತಾಯಿಯ ರಕ್ತದಲ್ಲೂ ಇತ್ತು. ಆ ತಿಂಗಳು ತಾನೇ ಅವರಿಗೂ ವಿನಾಯಿತಿ ಮಂಜೂರಾಗಿತ್ತು. ಆ ಕಾಗದ ಅಕ್ಕಿ ಡಬ್ಬಿಯ ತಳದಲ್ಲಿತ್ತು. ಒಂದನೇ ತಾರೀಖಿಗೆ ಹೊಸ ಪಟ್ಟಿ ಹೊರಬರುವುದಿತ್ತು. ಅದಕ್ಕೆ ಇನ್ನೂ ಐದು ದಿನ.

ಇಲ್ಲಿ ಆ ಪಟ್ಟಿಯ ವಿಷಯ ಹೇಳಬೇಕು.

ಒಣಜ್ವರ ಬಂದು ಆಗ ಆರು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕು. ಬಸ್ಸು, ಸಂತೆ, ಕಚೇರಿ, ಗಿರಣಿ, ಎಲ್ಲ ಕಡೆಯೂ ಬಾಗಿಲಿಗೊಂದು ಚೌಕಟ್ಟು ನಿಲ್ಲಿಸಿದ್ದರು. ಅದರೊಳಗೆ ದಾಟುವಾಗ ಮಣಿಕಟ್ಟಿಗೆ ಕಟ್ಟಿದ ಬಿಲ್ಲೆಯನ್ನು ಅದು ಓದಿ ಹಸಿರು ದೀಪ ಹಚ್ಚುತ್ತದೆ. ಲಸಿಕೆಯೇ ವಿಷವಾಗುವ ದೇಹಗಳೂ ಇರುತ್ತವೆ. ಅಂಥವರಿಗೆ ಪರೀಕ್ಷೆ ಮಾಡಿ ವಿನಾಯಿತಿ ಕೊಡುತ್ತಿದ್ದರು. ಅವರಿಗೂ ಅದೇ ಹಸಿರು. ಯಾರು ಹಾಕಿಸಿಕೊಂಡವರು, ಯಾರು ವಿನಾಯಿತಿಯವರು ಎಂಬುದು ವೈದ್ಯರಿಗೂ ರೋಗರಕ್ಷಾ ದಾಖಲೆ ಪ್ರಾಧಿಕಾರಕ್ಕೂ ಬಿಟ್ಟು ಬೇರೆ ಯಾರಿಗೂ ತಿಳಿಯಬಾರದು ಎಂದು ಕಾನೂನಿತ್ತು. ಉಳಿದವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೆ ಸಾಕು, ನಡುವೆ ಇರುವ ಕೆಲವರಿಗೆ ರೋಗ ತಲುಪುವುದಿಲ್ಲ. ಅಷ್ಟು ಸರಳ. ಆ ವ್ಯವಸ್ಥೆ ಮೊದಮೊದಲು ಚೆನ್ನಾಗಿಯೇ ನಡೆಯಿತು.

ಆಮೇಲೆ ದೊಡ್ಡವರು ಸುಳ್ಳು ವಿನಾಯಿತಿ ಪಡೆಯುತ್ತಿದ್ದಾರೆಂದು ಗುಲ್ಲೆದ್ದಿತು. ದಾಖಲೆ ತೋರಿಸಿ ಎಂದು ಜನ ಕೂತರು. ಪ್ರಾಧಿಕಾರ ಒಪ್ಪಿಕೊಂಡಿತು: ಪ್ರತಿ ತಿಂಗಳ ಒಂದನೇ ತಾರೀಖು, ವಾರ್ಡುವಾರು, ಹಿಂದಿನ ತಿಂಗಳು ಮಂಜೂರಾದ ವಿನಾಯಿತಿಗಳಿಗೆ ವೈದ್ಯರು ಬರೆದ ಷರಾವನ್ನೇ ಪ್ರಕಟಿಸುವುದು, ಆದರೆ ಹೆಸರು, ವಿಳಾಸ, ರೋಗ ಅಳಿಸಿ. ಅಳಿಸುವ ಕೆಲಸಕ್ಕೆ ಒಂದು ತಂತ್ರಾಂಶ ಸಿದ್ಧಪಡಿಸಿದರು. ಅದರ ಹೆಸರು ಮಸಿ. ಲಕ್ಷಗಟ್ಟಲೆ ಷರಾಗಳನ್ನು ಮಸಿ ತಾನೇ ಓದುತ್ತದೆ. ವ್ಯಕ್ತಿಯ ಹೆಸರು ಕಂಡರೆ ಕಪ್ಪು ಬಳಿಯುತ್ತದೆ. ತಿನ್ನುವ ಪದಾರ್ಥ ಕಂಡರೆ ಬಿಡುತ್ತದೆ, ಯಾಕೆಂದರೆ ಆಹಾರದ ಅಲರ್ಜಿಯೂ ವಿನಾಯಿತಿಗೆ ಒಂದು ಕಾರಣ, ಮತ್ತು ಅದರ ಲೆಕ್ಕ ಸಂಶೋಧಕರಿಗೆ ಬೇಕು.

ಮಸಿಗೆ ಕನ್ನಡ ಕಲಿಸಿದ್ದು ಬೆಂಗಳೂರಿನಲ್ಲಿ. ಅದಕ್ಕೆ ಈರುಳ್ಳಿ ಗೊತ್ತಿತ್ತು, ಉಳ್ಳಾಗಡ್ಡಿ ಗೊತ್ತಿರಲಿಲ್ಲ. ನಮ್ಮ ಕಡೆಯ ವೈದ್ಯರು ಬರೆದ ಊಟದ ಪದಗಳನ್ನೆಲ್ಲ ಯಾರದೋ ಹೆಸರೆಂದುಕೊಂಡು ಅಳಿಸಿಹಾಕುತ್ತಿತ್ತು. ಆದ್ದರಿಂದ ಧಾರವಾಡದಲ್ಲಿ ನಮ್ಮ ಭಾಷಾವಿಜ್ಞಾನ ವಿಭಾಗಕ್ಕೆ ಒಂದು ಕೆಲಸ ಬಂತು: ಉತ್ತರದ ಜಿಲ್ಲೆಗಳ ಆಹಾರದ ಪದಗಳನ್ನು ಕೂಡಿಸಿ ಕೊಡಿ. ನಾನಾಗ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಆರು ತಿಂಗಳು ಸಂತೆ, ಖಾನಾವಳಿ, ಅಡುಗೆಮನೆ ಸುತ್ತಿ ಸಾವಿರದ ನೂರಾ ನಲವತ್ತು ಪದ ಬರೆದುಕೊಂಡೆ. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಆ ಸುತ್ತಾಟದಲ್ಲೇ ನನ್ನ ಕನ್ನಡಕ ಮುರಿಯಿತು. ಗದಗಿನ ಒಂದು ಚಷ್ಮಾ ಅಂಗಡಿಗೆ ಹೋದೆ. ಕಣ್ಣು ಪರೀಕ್ಷೆ ಮಾಡಿದವನು ಚೀಟಿಯ ಕೆಳಗೆ ರುಜು ಹಾಕಿದ: ಶಂಭುಲಿಂಗ ಉಳ್ಳಾಗಡ್ಡಿ. ನಾನು ನಕ್ಕುಬಿಟ್ಟೆ. ಯಾಕೆ ಎಂದು ಕೇಳಿದ. ನನ್ನ ವಹಿ ತೆಗೆದು ತೋರಿಸಿದೆ. ಉಳ್ಳಾಗಡ್ಡಿ, ಕ್ರಮಸಂಖ್ಯೆ ನಾಲ್ಕುನೂರ ಹದಿನೇಳು, ಆಹಾರ, ಗಡ್ಡೆ.

"ಹಂಗಾರ ನೀವು ನನ್ನ ಮೊದಲ ಬರಕೊಂಡೇ ಬಂದೀರಲ್ರಿ" ಅಂದ.

ಮರುವರ್ಷ ಮದುವೆಯಾದೆವು. ನಾನು ಒಂದು ಕಾಲೇಜಿನಲ್ಲಿ ಕನ್ನಡ ಹೇಳಿಕೊಡತೊಡಗಿದೆ. ಸಿಟ್ಟು ಬಂದಾಗ ನಾನು ಅವನನ್ನು ನಾಕ್ನೂರಾ ಹದಿನೇಳು ಎಂದು ಕರೆಯುತ್ತಿದ್ದೆ. ಭಾಷೆ ಓದಿದವಳು, ದಿನಕ್ಕೆ ಹತ್ತು ಸಲ ಆ ಮನೆತನದ ಹೆಸರು ಕೇಳಿದವಳು, ನನಗೇ ಹೊಳೆಯಲಿಲ್ಲ. ಬೆಲ್ಲದ, ಮೆಣಸಿನಕಾಯಿ, ಅಕ್ಕಿ, ಕೊಬ್ಬರಿ, ತುಪ್ಪದ ಎಂದು ಅಡ್ಡಹೆಸರಿರುವ ಮಂದಿಯ ನಡುವೆಯೇ ಬೆಳೆದಿದ್ದೆ. ಅವರ ಅಡುಗೆಮನೆಗಳಲ್ಲೇ ಕೂತು ಬೆಲ್ಲ, ಮೆಣಸಿನಕಾಯಿ, ಅಕ್ಕಿ ಎಂದು ಬರೆದುಕೊಂಡಿದ್ದೆ.

ಮೂರು ತಿಂಗಳ ಹಿಂದೆ ಮೊದಲ ಪಟ್ಟಿ ಬಂದಾಗ ನಮ್ಮ ಹದಿನಾಲ್ಕನೇ ವಾರ್ಡಿನ ಕೆಳಗೆ ಒಂದೇ ಒಂದು ಸಾಲಿತ್ತು. ಮೊದಲು ಒಂದು ಕಪ್ಪು ಪಟ್ಟೆ, ಆಮೇಲೆ ಉಳ್ಳಾಗಡ್ಡಿ ಎಂಬ ಪದ, ಮತ್ತೆ ಕಪ್ಪು ಪಟ್ಟೆ, ಕೊನೆಗೆ 'ಲಸಿಕೆ ಬೇಡ'.

ಪಕ್ಕದ ಮನೆಯ ಕಂಪೌಂಡರ್ ಕಾಕಾ ಅದನ್ನು ಓದಿದರು. ನಿಜಗುಣಪ್ಪ ಅವರ ಹೆಸರು. ಮೂವತ್ತೆಂಟು ವರ್ಷ ಒಬ್ಬ ವೈದ್ಯರ ದವಾಖಾನೆಯಲ್ಲಿ ಔಷಧ ಕಲಸಿ ಕೊಟ್ಟವರು. ಚೇಷ್ಟೆಯ ಮನುಷ್ಯ, ಕೇಡಿಗರಲ್ಲ. ಓಣಿಯ ಗುಂಪಿಗೆ ಒಂದು ಸಾಲು ಬರೆದು ಹಾಕಿದರು: "ನಮ್ಮ ವಾರ್ಡಿನ್ಯಾಗ ಉಳ್ಳಾಗಡ್ಡಿಗೆ ಲಸಿಕಿ ಬ್ಯಾಡಂತ. ಹಂಗಾರ ಪಲ್ಯಾಕ್ಕ ಹಾಕಬಹುದೋ ಇಲ್ಲೋ?"

ಮಧ್ಯಾಹ್ನದವರೆಗೆ ಎಲ್ಲರೂ ನಕ್ಕರು. ಸಂಜೆಯ ಹೊತ್ತಿಗೆ ಯಾರೋ ನಗುವುದನ್ನು ನಿಲ್ಲಿಸಿದರು.

ಆ ಸಂಜೆ ಶಂಭು ಪಟ್ಟಿಯನ್ನು ಎರಡು ಸಲ ಓದಿದ. ನನ್ನ ಕಡೆ ನೋಡಿ, "ನಿನ್ನ ಪಟ್ಟಿ ಛಲೋ ಕೆಲಸ ಮಾಡೇತಿ ನೋಡು" ಅಂದ. ಅದರಲ್ಲಿ ಕುಟುಕು ಇರಲಿಲ್ಲ. ಆ ಮಾತು ಅವನು ಮತ್ತೆ ಎತ್ತಲಿಲ್ಲ. ನಾನು ಪ್ರಾಧಿಕಾರಕ್ಕೆ ಪತ್ರ ಬರೆದೆ. ಒಂದು ದೂರು ಸಂಖ್ಯೆ ಬಂತು. ಅದರ ಹಿಂದೆ ಬೇರೇನೂ ಬರಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳು ಅವನ ಬೆರಳು ಮುಖಕ್ಕೆ ಬಂದರೆ ತಲೆ ಹಿಂದಕ್ಕೆ ಎಳೆದುಕೊಳ್ಳತೊಡಗಿದರು. ಕನ್ನಡಕ ಕೂರಿಸಬೇಕಾದರೆ ಕಿವಿಯ ಹಿಂದೆ ಕೈ ಹಾಕಲೇಬೇಕು. ಮಾಲೀಕ ಅವನನ್ನು ಒಳಕೋಣೆಗೆ ಕಳುಹಿಸಿ ಗಾಜು ಉಜ್ಜಲು ಕೂಡಿಸಿದ. ಆಮೇಲೆ ಕೆಲವು ದಿನ ರಜೆ ತಗೋ ಅಂದ. ಗಿರಣಿಯಲ್ಲಿ ನಮ್ಮ ಹಿಟ್ಟನ್ನು ಕಡೆಯಲ್ಲಿ ಬೀಸಿದರು, ಬೀಸಿದ ಮೇಲೆ ಕಲ್ಲು ತೊಳೆದರು. ಕಾಲೇಜಿನವರು ನನಗೂ ಮನೆಯಲ್ಲೇ ಇರಲು ಹೇಳಿದರು. ಚೌಕಟ್ಟುಗಳು ಮಾತ್ರ ಎಲ್ಲ ಕಡೆಯೂ ನಮಗೆ ಹಸಿರು ದೀಪ ಹಚ್ಚುತ್ತಲೇ ಇದ್ದವು.

ಆಮೇಲೆ ಅವನಿಗೆ ಜ್ವರ ಬಂತು.

ಆ ವೇಳೆಗೆ ಹೊಸ ಆದೇಶವಾಗಿತ್ತು. ವಿನಾಯಿತಿಯವರಿಗೆ ಜ್ವರ ಕಂಡರೆ ಊರ ಹೊರಗಿನ ಆರೈಕೆ ಶಿಬಿರಕ್ಕೆ ಒಯ್ಯಬೇಕು. ಅಲ್ಲಿಂದ ಮರಳಿ ಬಂದವರನ್ನು ನಾವು ಕಂಡಿರಲಿಲ್ಲ. ಅಂಗಡಿಯಲ್ಲಿ ಸಿಗುವ ಥರ್ಮಾಮೀಟರುಗಳೆಲ್ಲ ಅಳೆದದ್ದನ್ನು ತಾವೇ ಪ್ರಾಧಿಕಾರಕ್ಕೆ ತಿಳಿಸುತ್ತಿದ್ದವು. ತಿಳಿಸದ ಥರ್ಮಾಮೀಟರು ಓಣಿಯಲ್ಲಿ ಒಂದೇ ಇತ್ತು. ಅದು ಕಂಪೌಂಡರ್ ಕಾಕಾನ ಹಳೆಯ ಪಾದರಸದ್ದು. ಶಂಭು ಹಿತ್ತಲ ಗೋಡೆಯ ಮೇಲಿಂದ ಕೇಳಿದ. ಕಾಕಾ ಯಾಕೆ, ಯಾರಿಗೆ ಎಂದು ಕೇಳಲಿಲ್ಲ. ಒಳಗೆ ಹೋಗಿ, ಅದರ ಕೊಳವೆಯನ್ನು ಪೇಪರಿನಲ್ಲಿ ಸುತ್ತಿ ತಂದು ಗೋಡೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದರು.

"ತೊಳದು ಕೊಡಪಾ" ಅಂದರು.

ಪಾದರಸದ ಥರ್ಮಾಮೀಟರು ಗೊತ್ತಿಲ್ಲದವರಿಗೆ ಒಂದು ಮಾತು. ಜ್ವರ ಎಷ್ಟೇರಿತೋ ಅಲ್ಲಿಗೆ ಪಾದರಸ ಹೋಗಿ ನಿಲ್ಲುತ್ತದೆ. ಬಾಯಿಂದ ತೆಗೆದರೂ ಇಳಿಯುವುದಿಲ್ಲ. ಗಾಜಿನ ಕಡ್ಡಿಯ ಬುಡದಲ್ಲಿ ಒಂದು ಕಿರಿದಾದ ಕತ್ತು ಇದೆ, ಅದು ಮರಳಲು ಬಿಡುವುದಿಲ್ಲ. ಕೈ ಎತ್ತಿ ಜಾಡಿಸಿದರೆ ಮಾತ್ರ ಕೆಳಗೆ ಬೀಳುತ್ತದೆ. ಅಲ್ಲಿಯತನಕ ಆ ಒಂದು ಅಂಕಿಯನ್ನು ಅದು ಇಟ್ಟುಕೊಂಡಿರುತ್ತದೆ. ಕೈಯಲ್ಲಿ ಹಿಡಿದು ನೋಡಿದವರಿಗೆ ಬಿಟ್ಟು ಯಾರಿಗೂ ಹೇಳುವುದಿಲ್ಲ.

ಹನ್ನೊಂದು ದಿನ ಅವನು ಅಳೆದುಕೊಂಡ, ಬರೆದುಕೊಂಡ, ಜಾಡಿಸಿದ. ನಾನೂ ಸುಮ್ಮನಿದ್ದೆ. ಹನ್ನೆರಡನೆಯ ದಿನ ಬೆಳಿಗ್ಗೆ ನಾನೇ ಅವನ ಬಾಯಲ್ಲಿಟ್ಟು ತೆಗೆದೆ. ಓದಿ ಆಂಬುಲೆನ್ಸಿಗೆ ಫೋನ್ ಮಾಡಿದೆ. ವಿಳಾಸ ಹೇಳಿದ ಮೇಲೆ ಹುಬ್ಬಳ್ಳಿಯಿಂದ ರಕ್ಷಾ ಉಡುಪು ಬರಬೇಕು ಅಂದರು. ಆಂಬುಲೆನ್ಸು ಓಣಿಯ ಬಾಯಿಗೆ ಬಂದು ಉಡುಪಿಗಾಗಿ ಮೂರು ತಾಸು ನಿಂತಿತ್ತು. ಹನ್ನೊಂದೂವರೆಗೆ ಅವನು ಹೋದ.

ಉಡುಪು ಹಾಕಿಕೊಂಡ ನಾಲ್ವರು ಪರೀಕ್ಷೆಗೆ ರಕ್ತ ತೆಗೆದುಕೊಂಡು, ಚೀಲದಲ್ಲಿ ಕಟ್ಟಿ ಮಣ್ಣು ಮಾಡಿದರು. ನಮ್ಮಲ್ಲಿ ಹೋದವರನ್ನು ಕೂತ ಭಂಗಿಯಲ್ಲಿ ಕೂಡಿಸಿ ಮಣ್ಣು ಕೊಡುತ್ತಾರೆ. ಅವನನ್ನು ಮಲಗಿಸಿದರು. ಅತ್ತೆ ದೂರದಿಂದ, ಕುಂದ್ರಸ್ರಿ, ಕುಂದ್ರಸ್ರಿ ಎಂದು ಹೇಳುತ್ತಲೇ ಇದ್ದರು. ಉಡುಪಿನೊಳಗೆ ಅದು ಕೇಳಿಸಲಿಲ್ಲವೇನೋ.

ನಳ ಬಂದ ಮರುದಿನ ನಾನು ಧಾರವಾಡಕ್ಕೆ ಹೋದೆ. ಪ್ರಾಧಿಕಾರದ ನಿಯಂತ್ರಣ ಕೊಠಡಿ ಗುಡ್ಡದ ಮೇಲಿನ ಹೊಸ ಕಟ್ಟಡದಲ್ಲಿದೆ. ಬಾಗಿಲಲ್ಲಿ ಹಸಿರು. ಒಳಗೆ ಚಳಿ. ಒಂದು ಗೋಡೆಯ ತುಂಬ ರಾಜ್ಯದ ನಕ್ಷೆ, ಅದರಲ್ಲಿ ಯಾರು ಎಲ್ಲಿ ಚೌಕಟ್ಟು ದಾಟಿದರೂ ಒಂದು ಚುಕ್ಕೆ ಮಿನುಗುತ್ತದೆ. ಅದರ ಎದುರು ಏಳೆಂಟು ಮಂದಿ ಕೂತು ಮಂಡಕ್ಕಿ ಗಿರಮಿಟ್ಟು ತಿನ್ನುತ್ತಿದ್ದರು. ಕಾಗದದ ಪೊಟ್ಟಣದ ಮೇಲೆ ಹಸಿ ಉಳ್ಳಾಗಡ್ಡಿ ಹೆಚ್ಚಿ ಉದುರಿಸಿತ್ತು.

ಉಪನಿರ್ದೇಶಕರ ಹೆಸರು ಪ್ರಫುಲ್ಲಚಂದ್ರ. ಮೈಸೂರಿನ ಕಡೆಯವರು. ಕೂರಿಸಿದರು, ನೀರು ತರಿಸಿದರು. ನನ್ನ ದೂರು ಸಂಖ್ಯೆ ಹೇಳಿದಾಗ ತಮ್ಮ ಪರದೆಯಲ್ಲಿ ಏನೋ ಒತ್ತಿದರು, ದೂರಿನ ಬದಲು ಶಂಭುವಿನ ಕಡತವೇ ತೆರೆಯಿತು. ಯಾರ ಅಪ್ಪಣೆಯನ್ನೂ ಕೇಳದೆ, ಹವಾಮಾನ ವರದಿ ಓದುವ ಹಾಗೆ ಓದಿದರು.

"ಸಮಾಧಾನ ಮಾಡ್ಕೊಳ್ಳಿ ಮೇಡಂ. ನಿಮ್ಮ ಯಜಮಾನರ ಕೇಸು ನಮ್ದಲ್ಲ. ಸ್ಯಾಂಪಲ್ ರಿಸಲ್ಟ್ ಬಂದಿದೆ, ಒಣಜ್ವರ ಇರ್ಲೇ ಇಲ್ಲ. ಟೈಫಾಯ್ಡು. ನಮ್ಮ ಡೆತ್ ಕಾಲಂನಲ್ಲಿ ಬರಲ್ಲ."

ಅವರ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು. ಅದನ್ನು ನನ್ನೊಂದಿಗೆ ಹಂಚಿಕೊಳ್ಳುತ್ತಿದ್ದರು. ಹತ್ತು ದಿನದ ಗುಳಿಗೆಯಲ್ಲಿ ಹೋಗುವ ಜ್ವರ. ಆ ನಾಲ್ಕು ಉಡುಪುಗಳು, ಆ ಚೀಲ, ಮಲಗಿಸಿ ಮುಚ್ಚಿದ್ದು, ಎಲ್ಲ ಯಾವುದಕ್ಕೆ? ನಾನು ಲೋಟದ ನೀರು ಕುಡಿದೆ. ಬಂದ ಕೆಲಸ ಬೇರೆ ಇತ್ತು.

ಒಂದನೇ ತಾರೀಖಿನ ಕರಡು ತೋರಿಸಲು ಕೇಳಿದೆ. ತೋರಿಸಬಾರದು ಅಂದರು, ಆದರೂ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಪಟ್ಟಿ ಮಾಡಿಕೊಟ್ಟವಳು ನಾನೇ ಎಂದು ಹೇಳಿದ್ದೆನಲ್ಲ, ಮನೆಯವಳಾದೆ. ಗದಗ, ಕೊಪ್ಪಳ, ಬಾಗಲಕೋಟೆ. ಕಪ್ಪು ಪಟ್ಟೆಗಳ ನಡುವೆ ಪದಗಳು ಹಲ್ಲಿನ ಹಾಗೆ ಕಂಡವು. ಮೆಣಸಿನಕಾಯಿ. ಬೆಲ್ಲದ. ಕೊಬ್ಬರಿ. ಅಕ್ಕಿ. ಮತ್ತೆ ಮೆಣಸಿನಕಾಯಿ. ನಮ್ಮ ವಾರ್ಡಿನಲ್ಲಿ ಮತ್ತೆ ಉಳ್ಳಾಗಡ್ಡಿ. ಅದು ನನ್ನ ಅತ್ತೆ.

ಇವು ತಿನ್ನುವ ಪದಾರ್ಥಗಳಲ್ಲ, ಮನೆತನದ ಹೆಸರುಗಳು ಎಂದು ನಾನು ಹೇಳಿದೆ. ಮಸಿ ಬಿಟ್ಟಿರುವುದು ಮನುಷ್ಯರನ್ನು.

ಅವರು ಸ್ವಲ್ಪ ಹೊತ್ತು ಪರದೆ ನೋಡಿದರು. ಆಮೇಲೆ ನಕ್ಕರು. ಗಿರಮಿಟ್ಟು ತಿನ್ನುತ್ತಿದ್ದವರಲ್ಲಿ ಇಬ್ಬರು ತಿರುಗಿ ನೋಡಿದರು.

"ಅಯ್ಯೋ, ಇದು ಪೇಷಂಟ್ ಲಿಸ್ಟೋ ಸಂತೆ ಚೀಟಿನೋ ಅಂತ ನಮ್ಮ ಹುಡುಗ್ರು ಆಡ್ಕೊಂಡು ನಗ್ತಿದ್ರು. ನಿಮ್ಮ ಕಡೆ ಜನಕ್ಕೆ ಅಲರ್ಜಿ ಜಾಸ್ತಿ ಅಂದ್ಕೊಂಡ್ವಿ ನಾವು. ಬೆಲ್ಲಕ್ಕೂ ಅಲರ್ಜಿನಾ ಅಂತ. ಒಂದು ರಿಪೋರ್ಟೇ ಬರ್ದು ಕಳ್ಸಿದೀವಿ ಮೇಲಕ್ಕೆ."

ಮೂರು ತಿಂಗಳು. ಅವರು ಅದನ್ನು ನೋಡಿದ್ದರು. ನೋಡಿ ನಕ್ಕಿದ್ದರು. ವರದಿಯನ್ನೂ ಬರೆದಿದ್ದರು. ಆ ಊರುಗಳಲ್ಲಿ ಎಷ್ಟು ಗಿರಣಿಗಳು ಕಲ್ಲು ತೊಳೆದವೋ.

ಒಂದನೇ ತಾರೀಖಿಗೆ ಮೊದಲು ಆ ಪದಗಳನ್ನು ಮಸಿಯ ಪಟ್ಟಿಯಿಂದ ತೆಗೆಯಿರಿ ಎಂದೆ. ಅಷ್ಟು ಸುಲಭ ಅಲ್ಲ ಅಂದರು. ಸುಮ್ಮನೆ ತೆಗೆದರೆ ಪ್ರಾಧಿಕಾರ ತಪ್ಪು ಮಾಡಿತು ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಮೂರು ತಿಂಗಳ ಪ್ರಕಟಣೆಗೆ ಉತ್ತರ ಕೊಡಬೇಕಾಗುತ್ತದೆ. ಒಂದು ದಾರಿ ಇದೆ ಎಂದು, ಪಕ್ಕದ ಕೋಣೆಗೆ ಹೋಗಿ ಅರ್ಧ ಗಂಟೆಯ ನಂತರ ಒಂದು ಕಾಗದ ತಂದರು. ಪದಪಟ್ಟಿ ಸಿದ್ಧಪಡಿಸಿದ ವಿದ್ಯಾರ್ಥಿನಿಯಾದ ನಾನು, ನನ್ನ ಅಜಾಗರೂಕತೆಯಿಂದ ಮನೆತನದ ಹೆಸರುಗಳನ್ನು ಆಹಾರದ ಪದಗಳೆಂದು ಸೇರಿಸಿರುವುದಾಗಿಯೂ, ದೋಷ ಪೂರ್ತಿ ಪದಪಟ್ಟಿಯದಾಗಿದ್ದು ಪ್ರಾಧಿಕಾರದ್ದಲ್ಲವೆಂದೂ, ಪಟ್ಟಿಯನ್ನು ಹಿಂತೆಗೆದುಕೊಳ್ಳುತ್ತಿರುವುದಾಗಿಯೂ ಅದರಲ್ಲಿತ್ತು. ಇದನ್ನು ಪತ್ರಿಕೆಗಳಿಗೆ ಕೊಡಬೇಕಾಗುತ್ತದೆ ಅಂದರು. ಬೇಡವಾದರೆ ವಿಚಾರ ಮಾಡಿ ಬನ್ನಿ, ಮುಂದಿನ ತಿಂಗಳು ನೋಡೋಣ.

ಮುಂದಿನ ತಿಂಗಳು. ಅತ್ತೆ ಅಷ್ಟೊತ್ತಿಗೆ ಆ ದಿನದ ರೊಟ್ಟಿ ಬಡಿದು ಮುಗಿಸಿ, ಬಟ್ಟೆಯಲ್ಲಿ ಕಟ್ಟಿ ಖಾನಾವಳಿಗೆ ಒಯ್ದಿರುತ್ತಾರೆ. ಇನ್ನೂ ಮೂರು ದಿನ ಒಯ್ಯುತ್ತಾರೆ. ನಾಲ್ಕನೆಯ ದಿನ ಯಾರೋ ಪಟ್ಟಿ ಓದುತ್ತಾರೆ.

ಕಾಗದವನ್ನು ಎರಡು ಸಲ ಓದಿದೆ. ಭಾಷೆ ಕೆಟ್ಟದಾಗಿತ್ತು. ಹುಡುಕಿದರೂ ಅದರಲ್ಲಿ ಸುಳ್ಳು ಅರ್ಧವೇ ಇತ್ತು. ಪದ ಬರೆದವಳು ನಾನು ಹೌದು. ಮೊದಲು ನನ್ನ ಕಣ್ಣೆದುರು ಪಟ್ಟಿ ತೆಗೆಯಿರಿ, ಆಮೇಲೆ ರುಜು ಎಂದೆ. ತೆಗೆದರು. ಕರಡನ್ನು ಮಸಿ ಮತ್ತೊಮ್ಮೆ ಓದಿತು. ನಮ್ಮ ವಾರ್ಡಿನ ಸಾಲು ಪೂರ್ತಿ ಕಪ್ಪಾಯಿತು. ಇನ್ನು ನಿಜವಾಗಿಯೂ ಉಳ್ಳಾಗಡ್ಡಿ ಆಗದವರು ಇದ್ದರೆ ಅವರ ಸಾಲೂ ಕಪ್ಪು. ಇರಲಿ.

ರುಜು ಹಾಕಿದೆ. ಉಪನಿರ್ದೇಶಕರು ಎದ್ದು ನಿಂತು ಕೈ ಮುಗಿದರು. ಗಿರಮಿಟ್ಟು ತಗೊಳ್ಳಿ ಮೇಡಂ, ಇಲ್ಲಿದು ತುಂಬಾ ಚೆನ್ನಾಗಿರುತ್ತೆ ಅಂದರು.

ಒಂದನೇ ತಾರೀಖು ಪಟ್ಟಿ ಬಂತು. ಹದಿನಾಲ್ಕನೇ ವಾರ್ಡು: ಒಂದು ಕಪ್ಪು ಸಾಲು, ಕೊನೆಗೆ 'ಲಸಿಕೆ ಬೇಡ'. ಯಾರೋ ಒಬ್ಬರು. ಮಧ್ಯಾಹ್ನದವರೆಗೂ ಯಾರೂ ನಗಲಿಲ್ಲ, ಸಂಜೆಯತನಕ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಖಾನಾವಳಿಯಿಂದ ಇಪ್ಪತ್ತು ರೊಟ್ಟಿ ಹೆಚ್ಚಿಗೆ ಬೇಕೆಂದು ಹೇಳಿಕಳುಹಿಸಿದರು.

ಮರುದಿನದ ಪತ್ರಿಕೆಯಲ್ಲಿ ನನ್ನ ಹೇಳಿಕೆ ಬಂತು, ನನ್ನ ಹೆಸರಿನೊಂದಿಗೆ. ನನ್ನ ಹೆಸರಿಗೆ ಯಾರೂ ಮಸಿ ಬಳಿದಿರಲಿಲ್ಲ. ದಾಕ್ಷಾಯಣಿ ಹೆಬಸೂರ, ಗದಗ. ತವರಿನ ಅಡ್ಡಹೆಸರನ್ನು ನಾನು ಬಿಟ್ಟಿರಲಿಲ್ಲ. ಅಚ್ಚಿನಲ್ಲಿ ಅದನ್ನು ನೋಡುತ್ತಾ ಕೂತಾಗ, ಅತ್ತೆಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು ಅನ್ನಿಸಿತು. ಪತ್ರಿಕೆ ಹಿಡಿದು ಒಲೆಯ ಹತ್ತಿರ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಪೂರ್ತಿ ಓದಿ ಹೇಳಿದೆ. ಉಳ್ಳಾಗಡ್ಡಿ ಎಂಬ ಪದ ಆ ಪಟ್ಟಿಗೆ ಹೋದದ್ದು ನನ್ನ ಕೈಯಿಂದ ಎಂದೆ. ಅವನಿಗೆ ಬಂದದ್ದು ಬರೀ ಟೈಫಾಯ್ಡು ಎಂಬುದನ್ನೂ ಹೇಳಿದೆ.

ಬಡಿಯುವ ಸದ್ದು ನಿಲ್ಲಲಿಲ್ಲ. ರೊಟ್ಟಿ ಅಂಗೈಯಗಲವಿದ್ದದ್ದು ತಟ್ಟೆಯಗಲವಾಗಿ, ಹಂಚಿಗೆ ಹೋಯಿತು. ಅವರು ನೀರು ಸವರಿ, ತಿರುವಿ ಹಾಕಿದರು.

"ಅಂವ ಹೇಳಿದ್ದ ನನಗ. ಪಟ್ಟಿ ಬಂದ ದಿನಾನ" ಅಂದರು ಕೊನೆಗೆ. "ಅಕಿಗೆ ಏನೂ ಅನಬ್ಯಾಡಬೇ ಅಂದಿದ್ದ."

ಮುಂದಿನ ಮುದ್ದೆ ಹಿಟ್ಟು ತಗೊಂಡರು. ಬಡಿಯುವ ಮೊದಲು ಒಂದು ಗಳಿಗೆ ಅದನ್ನು ಹಾಗೇ ಹಿಡಿದುಕೊಂಡು ಕೂತರು.

"ಸಾದಾ ಜ್ವರ ಅಂದ್ರ, ಕುಂದ್ರಸಬಹುದಿತ್ತಲ್ಲ ಅವನ್ನ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋದೆ. ಅವನ ಹಾಸಿಗೆ ಸುತ್ತಿಟ್ಟಿತ್ತು. ದಿಂಬಿನ ಹತ್ತಿರದ ಗೂಡಿನಲ್ಲಿ, ಆ ಬೆಳಿಗ್ಗೆ ನಾನು ಇಟ್ಟಲ್ಲೇ, ಕಾಕಾನ ಥರ್ಮಾಮೀಟರು ಇತ್ತು. ಅದರ ಕೆಳಗೆ ಕಣ್ಣಿನ ಪರೀಕ್ಷೆಯ ಚೀಟಿಯ ಬೆನ್ನಿಗೆ ಹನ್ನೊಂದು ದಿನದ ಅಂಕಿಗಳು, ಅವನ ಸಣ್ಣ ಅಕ್ಷರದಲ್ಲಿ. ಎರಡನ್ನೂ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಹಿತ್ತಲ ಗೋಡೆಯಿಂದಲ್ಲ, ಮುಂಬಾಗಿಲಿನಿಂದ.

ಕಂಪೌಂಡರ್ ಕಾಕಾ ಕಟ್ಟೆಯ ಮೇಲೆ ಕೂತು ಅದೇ ಪತ್ರಿಕೆ ಓದುತ್ತಿದ್ದರು. ನನ್ನನ್ನು ಕಂಡು ಮಡಚಿಟ್ಟರು. ಅವರ ಮುಖದಲ್ಲಿಯೂ ಆ ಉಪನಿರ್ದೇಶಕರ ನೆಮ್ಮದಿಯೇ ಇತ್ತು, ಆದರೆ ಸ್ವಲ್ಪ ನಾಚಿಕೆ ಬೆರೆತದ್ದು.

"ಬಾರವ್ವ, ಕೂಡು. ನೋಡಿದೆ ಪೇಪರ್‌ನ್ಯಾಗ. ನಾ ಇಷ್ಟ ದಿನ ನನ್ನಿಂ‌ದ ಏನರ ಆತೇನೋ ಅಂತ ಮನಸ್ಸಿಗೆ ಹಚಕೊಂಡಿದ್ದೆ. ನಂದೇನು, ಒಂದು ಚೇಷ್ಟಿ. ತಪ್ಪು ಪಟ್ಟಿದಂತಲ್ಲ."

"ಹೌದ್ರಿ ಕಾಕಾ, ಪಟ್ಟಿದ" ಅಂದೆ.

ಥರ್ಮಾಮೀಟರಿನ ಕೊಳವೆ ಮುಂದೆ ಹಿಡಿದೆ. ಅದು ಯಾವುದೆಂದು ಅವರಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ, ಕಟ್ಟೆಯ ಮೇಲೆ ಇಡು ಎಂದು ಹೇಳಲು ಬಾಯಿ ತೆರೆದದ್ದು ಕಂಡಿತು. ಆಮೇಲೆ ಏನೋ ನೆನಪಾಗಿ, ಮನೆ ಶುದ್ಧವಾಗಿದೆ ಎಂಬುದೇ ಇರಬೇಕು, ಕೈ ಚಾಚಿ ತೆಗೆದುಕೊಂಡರು. ಮುಚ್ಚಳ ಬಿಚ್ಚಿ ಗಾಜಿನ ಕಡ್ಡಿ ಹೊರತೆಗೆದರು. ಮೂವತ್ತೆಂಟು ವರ್ಷದ ಅಭ್ಯಾಸ, ಅವರ ಕೈ ತಾನೇ ಮೇಲೆದ್ದಿತು.

"ಜಾಡಸಬ್ಯಾಡ್ರಿ" ಅಂದೆ. "ಓದ್ರಿ."

ಕೈ ಇಳಿಸಿದರು. ಕಡ್ಡಿಯನ್ನು ಬೆಳಕಿಗೆ ಅಡ್ಡ ಹಿಡಿದು, ಬೆರಳಲ್ಲಿ ಒಂದಿಷ್ಟು ಹೊರಳಿಸಿದರು. ಪಾದರಸದ ಗೆರೆ ಒಂದು ಕೋನದಲ್ಲಿ ಮಾತ್ರ ಕಾಣುತ್ತದೆ. ಕಂಡ ಹಾಗಾಯಿತು. ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಆ ಕನ್ನಡಕ ಹಿಂದಿನ ವರ್ಷ ಶಂಭು ಅವರ ಕಿವಿಯ ಹಿಂದೆ ಕೂಡಿಸಿದ್ದು.

"ನೂರಾ ನಾಕು, ಮ್ಯಾಲ ನಾಕು. ಯಾವಾಗಿಂದಿದು?"

ನಾನು ಚೀಟಿ ಕೊಟ್ಟೆ. ನೂರು. ನೂರಾ ಒಂದು. ನೂರಾ ಒಂದೂವರೆ. ನೂರಾ ಎರಡು. ಪ್ರತಿ ಸಂಜೆ ಒಂದಿಷ್ಟು ಏರಿ, ಬೆಳಿಗ್ಗೆ ಚೂರು ಇಳಿದು, ಮತ್ತೆ ಏರಿ, ಹನ್ನೊಂದು ದಿನ. ಕಾಕಾನ ಬೆರಳು ಅಂಕಿಗಳ ಮೇಲೆ ಒಂದೊಂದಾಗಿ ಇಳಿಯಿತು. ಐದನೆಯ ದಿನಕ್ಕೆ ಬಂದಾಗ ನಿಂತಿತು. ಅವರ ದವಾಖಾನೆಯಲ್ಲಿ ವರ್ಷಕ್ಕೆ ನೂರು ಸಲ ಇಂಥ ಚೀಟಿ ಬಂದಿರಬೇಕು.

"ಮೆಟ್ಟಲದಂಗ ಏರೇತಿ" ಅಂದರು. "ಇದು ಟೈಫಾಯ್ಡ್ ಅಲ್ಲೇನವ್ವ? ಐದನೇ ದಿನ ನಾ ನೋಡಿದ್ರ..."

ಹನ್ನೊಂದು ದಿನ ನಡುವೆ ಇದ್ದದ್ದು ಎದೆಯೆತ್ತರದ ಒಂದು ಗೋಡೆ.

"ತೊಳದು ಕೊಡು ಅಂದಿದ್ರಿ" ಎಂದೆ. "ತೊಳದಿಲ್ಲ. ಜಾಡಸೂದು ನಿಮಗ ಬಿಟ್ಟದ್ದು."

ಮೆಟ್ಟಿಲಿಳಿದು ಬಂದೆ. ನಮ್ಮ ಬಾಗಿಲಿಗೆ ಬಂದು ತಿರುಗಿ ನೋಡಿದಾಗ ಅವರು ಕಟ್ಟೆಯ ಮೇಲೆ ಹಾಗೇ ಕೂತಿದ್ದರು. ಗಾಜಿನ ಕಡ್ಡಿ ಹಿಡಿದ ಕೈ ಅರ್ಧಕ್ಕೆ ಎತ್ತಿತ್ತು. ಕೆಳಗೆ ಬರಲಿಲ್ಲ.